ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರನು (ಆಳ್ವಿಕೆ ಸು. ಕ್ರಿ.ಶ. 1126–1138) ಕಲ್ಯಾಣದ ಚಾಲುಕ್ಯ ವಂಶದ ಅರಸ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಈತನ ರಾಜಧಾನಿಯಾಗಿದ್ದ ಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಮಗನಾದ ಈತನಿಗೆ ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳಿದ್ದವು. ಈತನ ಹೆಸರು ಉಳಿದಿರುವುದು ಯುದ್ಧಗಳಿಗಿಂತ ಹೆಚ್ಚಾಗಿ ಮಾನಸೋಲ್ಲಾಸ ಎಂಬ ಸಂಸ್ಕೃತ ವಿಶ್ವಕೋಶದಿಂದ. ಈ ಗ್ರಂಥದ ಗೀತ, ವಾದ್ಯ ಮತ್ತು ನೃತ್ಯಗಳ ಅಧ್ಯಾಯಗಳು ಹನ್ನೆರಡನೆಯ ಶತಮಾನದಲ್ಲಿ ಜನರು ಏನನ್ನು ಹಾಡುತ್ತಿದ್ದರು, ಯಾವ ಸಂದರ್ಭದಲ್ಲಿ ಕುಣಿಯುತ್ತಿದ್ದರು, ಸಭೆಯು ಕಲಾವಿದರನ್ನು ಹೇಗೆ ಅಳೆಯುತ್ತಿತ್ತು ಎಂಬುದನ್ನು ದಾಖಲಿಸಿವೆ. ಶಾಸ್ತ್ರಗ್ರಂಥಗಳ ಪರಂಪರೆಯನ್ನು ಪುನರುಕ್ತಿಗೊಳಿಸುವುದಕ್ಕಿಂತ ತನ್ನ ಕಾಲದ ಜೀವಂತ ಪ್ರದರ್ಶನಕಲೆಯನ್ನು ಬರೆದಿಟ್ಟದ್ದು ಸೋಮೇಶ್ವರನ ವಿಶಿಷ್ಟ ಕೊಡುಗೆ ಎಂದು ಪರಿಗಣಿಸಲಾಗಿದೆ.

ಹಿನ್ನೆಲೆ

ಚಾಲುಕ್ಯರ ರಾಜಧಾನಿಯು ಮಾನ್ಯಖೇಟದಿಂದ (ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ) ಕಲ್ಯಾಣಕ್ಕೆ ಸ್ಥಳಾಂತರಗೊಂಡದ್ದು ಒಂದನೆಯ ಸೋಮೇಶ್ವರನ (ಆಳ್ವಿಕೆ ಸು. 1042–1068) ಕಾಲದಲ್ಲಿ. ಆತನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಸುಮಾರು ಐವತ್ತು ವರ್ಷ ಆಳಿದನು. ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದವನು ಇವನೇ. ಕಾಶ್ಮೀರದ ಕವಿ ಬಿಲ್ಹಣನು ಇವನ ಆಸ್ಥಾನದಲ್ಲಿದ್ದು ವಿಕ್ರಮಾಂಕದೇವಚರಿತವನ್ನು ರಚಿಸಿದನು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನೂ ಇದೇ ಕಾಲದವನು.

ಸೋಮೇಶ್ವರನು ಬೆಳೆದದ್ದು ಇಂತಹ ವಿದ್ವತ್ಪರಿಸರದಲ್ಲಿ. ಅರಮನೆಯಲ್ಲಿ ನೃತ್ಯ ಮತ್ತು ಸಂಗೀತಗಳಿಗೆ ವಿಶೇಷ ಮನ್ನಣೆಯಿತ್ತು. ವಿಕ್ರಮಾದಿತ್ಯನ ರಾಣಿ ಚಂದಲದೇವಿಯು ನೃತ್ಯದಲ್ಲಿ ಪರಿಣತಳೆಂದು ಖ್ಯಾತಳಾಗಿದ್ದಳು. ದೇವಾಲಯಗಳಲ್ಲಿಯೂ ಗೀತ, ವಾದ್ಯ, ನೃತ್ಯಗಳು ನಿತ್ಯಸೇವೆಯ ಭಾಗವಾಗಿದ್ದವು. ಆ ಕಾಲದ ಕನ್ನಡ ಶಾಸನಗಳಲ್ಲಿ ದೇವರ ಅಂಗಭೋಗ ಮತ್ತು ರಂಗಭೋಗಗಳಿಗಾಗಿ ಭೂಮಿ, ತೆರಿಗೆಯ ಆದಾಯ ಮುಂತಾದವುಗಳನ್ನು ಬಿಟ್ಟುಕೊಟ್ಟ ದಾನಗಳು ಮತ್ತೆ ಮತ್ತೆ ಕಂಡುಬರುತ್ತವೆ. ರಂಗಭೋಗವೆಂದರೆ ದೇವರ ಸನ್ನಿಧಿಯಲ್ಲಿ ನಡೆಯುವ ಹಾಡು, ವಾದ್ಯ ಮತ್ತು ಕುಣಿತಗಳ ಸೇವೆ. ಹೀಗೆ ಕಲಾವಿದರ ಜೀವನೋಪಾಯವು ಅರಮನೆಯ ಉಡುಗೊರೆ ಮತ್ತು ದೇವಾಲಯದ ದತ್ತಿ ಎಂಬ ಎರಡು ಆಧಾರಗಳ ಮೇಲೆ ನಿಂತಿತ್ತು.

ಆಳ್ವಿಕೆ

1126ರ ಸುಮಾರಿಗೆ ಪಟ್ಟಕ್ಕೆ ಬಂದ ಸೋಮೇಶ್ವರನು ತನ್ನ ಆಳ್ವಿಕೆಯ ವರ್ಷಗಳನ್ನು ಭೂಲೋಕಮಲ್ಲ ವರ್ಷವೆಂದು ಎಣಿಸತೊಡಗಿದನು. ತಂದೆಯಿಂದ ಬಂದ ವಿಶಾಲ ರಾಜ್ಯದ ಅಂಚುಗಳು ಈತನ ಕಾಲದಲ್ಲಿ ಸಡಿಲಗೊಂಡವು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಮಾತ್ರ ಸಾಮಂತನಾಗಿದ್ದು ತನ್ನ ಅಧಿಕಾರವನ್ನು ವಿಸ್ತರಿಸಿಕೊಂಡನು. ಪೂರ್ವದಲ್ಲಿ ವೆಂಗಿಯ ಮೇಲಿನ ಹಿಡಿತ ಕೈತಪ್ಪಿತು. ಈ ಕಾರಣದಿಂದ ಇತಿಹಾಸಕಾರರು ಸೋಮೇಶ್ವರನನ್ನು ಯೋಧನಿಗಿಂತ ವಿದ್ವಾಂಸ ಅರಸನೆಂದು ಗುರುತಿಸುತ್ತಾರೆ. ಆದರೂ ರಾಜ್ಯದ ಕೇಂದ್ರಭಾಗವು ಈತನ ಆಳ್ವಿಕೆಯುದ್ದಕ್ಕೂ ಸ್ಥಿರವಾಗಿತ್ತು. ಮಾನಸೋಲ್ಲಾಸದಂತಹ ಬೃಹತ್ ಗ್ರಂಥದ ರಚನೆಗೆ ಬೇಕಾದ ನೆಮ್ಮದಿಯನ್ನು ಈ ಸ್ಥಿರತೆಯೇ ಒದಗಿಸಿತು.

ಸೋಮೇಶ್ವರನು ತಂದೆಯ ಚರಿತ್ರೆಯನ್ನು ಕುರಿತು ವಿಕ್ರಮಾಂಕಾಭ್ಯುದಯ ಎಂಬ ಸಂಸ್ಕೃತ ಗದ್ಯಕೃತಿಯನ್ನೂ ರಚಿಸಿದನು. ಅದು ಅಪೂರ್ಣವಾಗಿ ದೊರೆತಿದೆ.

ಮಾನಸೋಲ್ಲಾಸ

ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರಿದೆ. ಗ್ರಂಥದೊಳಗಿನ ಜ್ಯೋತಿಷ ಗಣನೆಗೆ ಶಕ 1051ನ್ನು ಆಧಾರವಾಗಿ ಇಟ್ಟುಕೊಂಡಿರುವುದರಿಂದ ಅದರ ರಚನೆಯ ಕಾಲವನ್ನು ಕ್ರಿ.ಶ. 1129 ಎಂದು ನಿರ್ಧರಿಸಲಾಗಿದೆ. ಗ್ರಂಥವು ಐದು ವಿಂಶತಿಗಳಾಗಿ ವಿಭಾಗಗೊಂಡಿದ್ದು, ಪ್ರತಿಯೊಂದು ವಿಂಶತಿಯಲ್ಲಿ 20ರಂತೆ ಒಟ್ಟು 100 ಅಧ್ಯಾಯಗಳಿವೆ. ಮೊದಲ ವಿಂಶತಿಯು ರಾಜ್ಯವನ್ನು ಪಡೆಯುವ ಅರ್ಹತೆಯನ್ನೂ, ಎರಡನೆಯದು ರಾಜ್ಯವನ್ನು ಸ್ಥಿರಗೊಳಿಸುವ ಬಗೆಯನ್ನೂ, ಮೂರನೆಯದು ಮನೆ, ಆಹಾರ, ಉಡುಪು ಮುಂತಾದ ಉಪಭೋಗಗಳನ್ನೂ, ನಾಲ್ಕನೆಯದು ವಿನೋದಗಳನ್ನೂ, ಐದನೆಯದು ಕ್ರೀಡೆಗಳನ್ನೂ ವಿವರಿಸುತ್ತದೆ.

ನಾಲ್ಕನೆಯ ವಿಂಶತಿಯಲ್ಲಿ ಆನೆ ಮತ್ತು ಕುದುರೆಗಳ ವಿನೋದ, ಮಲ್ಲಯುದ್ಧ, ಕೋಳಿಯ ಕಾಳಗ, ಟಗರಿನ ಕಾಳಗ, ಬೇಟೆ ಮುಂತಾದವುಗಳ ನಂತರ ಗೀತವಿನೋದ, ವಾದ್ಯವಿನೋದ ಮತ್ತು ನೃತ್ಯವಿನೋದಗಳು ಕ್ರಮವಾಗಿ 16, 17 ಮತ್ತು 18ನೆಯ ಅಧ್ಯಾಯಗಳಾಗಿ ಬರುತ್ತವೆ. ಸಂಗೀತವನ್ನು ಮೋಕ್ಷಸಾಧನವೆಂದೋ ಶುದ್ಧ ಶಾಸ್ತ್ರವೆಂದೋ ಅಲ್ಲದೆ ಸಭೆಯಲ್ಲಿ ಜನರ ಮುಂದೆ ನಡೆಯುವ ವಿನೋದವೆಂದು ಇಲ್ಲಿ ನೋಡಲಾಗಿದೆ. ಆದ್ದರಿಂದ ಗಾಯಕ ಮತ್ತು ನರ್ತಕಿಯ ಜೊತೆಗೆ ಕೇಳುಗ, ನೋಡುಗ, ಸಭೆ, ಸಂದರ್ಭ ಮತ್ತು ಸಂಭಾವನೆಗಳೂ ಗ್ರಂಥದ ವಿಷಯಗಳಾಗಿವೆ.

ಗ್ರಂಥದ ವಿಷಯವೈವಿಧ್ಯವನ್ನು ಗಮನಿಸಿ, ಅದರ ಸಿದ್ಧತೆಯಲ್ಲಿ ಆಸ್ಥಾನದ ವಿದ್ವಾಂಸರ ನೆರವೂ ಇದ್ದಿರಬೇಕೆಂದು ಕೆಲವು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಗ್ರಂಥವು ಸೋಮೇಶ್ವರನ ಹೆಸರಿನಲ್ಲಿಯೇ ಪ್ರಚಾರದಲ್ಲಿದ್ದು, ನಂತರದ ಸಂಗೀತಶಾಸ್ತ್ರಕಾರರೂ ಅವನನ್ನೇ ಪ್ರಮಾಣಪುರುಷನಾಗಿ ಉಲ್ಲೇಖಿಸಿದ್ದಾರೆ.

ಗೀತವಿನೋದ

ಗೀತವಿನೋದವು ಗಾಯಕರ ಗುಣದೋಷಗಳು, ರಾಗಗಳು ಮತ್ತು ಪ್ರಬಂಧಗಳನ್ನು ನಿರೂಪಿಸುತ್ತದೆ. ಸಂಗೀತಶಾಸ್ತ್ರದಲ್ಲಿ ಪ್ರಬಂಧವೆಂದರೆ ನಿಯತವಾದ ಅಂಗಗಳಿಂದ ಕೂಡಿದ ಹಾಡಿನ ರಚನೆ. ಕಂದ, ತ್ರಿಪದಿ, ಷಟ್ಪದಿ, ಧವಳ, ಮಂಗಳ, ಚರ್ಯಾ, ಚರ್ಚರಿ, ಓವಿ ಮೊದಲಾದ ರಚನೆಗಳು ಇಲ್ಲಿ ಸ್ಥಾನ ಪಡೆದಿವೆ.

ಈ ಅಧ್ಯಾಯದ ಮಹತ್ತ್ವವಿರುವುದು ಹಾಡಿನ ಲಕ್ಷಣದೊಂದಿಗೆ ಅದರ ಬಳಕೆಯನ್ನೂ ಹೇಳಿರುವುದರಲ್ಲಿ. ಕಥೆ ಹೇಳುವಾಗ ಷಟ್ಪದಿಯನ್ನೂ, ಮದುವೆಯಲ್ಲಿ ಧವಳವನ್ನೂ, ಉತ್ಸವದಲ್ಲಿ ಮಂಗಳವನ್ನೂ ಹಾಡಬೇಕೆಂದು ಗ್ರಂಥವು ತಿಳಿಸುತ್ತದೆ. ಯೋಗಿಗಳು ಹಾಡುವುದು ಚರ್ಯಾ. ಹೋಳಿಯ ಹಬ್ಬಕ್ಕೆ ಸಲ್ಲುವುದು ಚರ್ಚರಿ. ಮಹಾರಾಷ್ಟ್ರದ ಹೆಂಗಸರು ಧಾನ್ಯವನ್ನು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂಬ ಮಾಹಿತಿಯೂ ಇಲ್ಲಿದೆ. ಒನಕೆಯ ಹಾಡು ಅರಸನ ಗ್ರಂಥದಲ್ಲಿ ಆಸ್ಥಾನದ ಗಾನದೊಂದಿಗೆ ಒಂದೇ ಸಾಲಿನಲ್ಲಿ ನಿಂತಿರುವುದು ಆ ಕಾಲದ ಸಂಸ್ಕೃತ ಶಾಸ್ತ್ರಸಾಹಿತ್ಯದಲ್ಲಿ ಅಪರೂಪದ ಸಂಗತಿ.

ಕನ್ನಡ ಸಾಹಿತ್ಯದ ಚರಿತ್ರೆಗೂ ಈ ಭಾಗವು ಉಪಯುಕ್ತವಾಗಿದೆ. ತ್ರಿಪದಿಯು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಿಂದೆಯೇ ಕನ್ನಡದಲ್ಲಿ ಕಂಡುಬರುವ ದೇಶೀ ಛಂದಸ್ಸು; ಉತ್ತರ ಕರ್ನಾಟಕದ ಬೀಸುವ ಹಾಡುಗಳ ಛಂದಸ್ಸೂ ಅದೇ. ಷಟ್ಪದಿಯು ಮುಂದೆ ಹದಿಮೂರನೆಯ ಶತಮಾನದಲ್ಲಿ ರಾಘವಾಂಕನಿಂದ ಕಾವ್ಯದ ಮುಖ್ಯ ಛಂದಸ್ಸಾಗಿ ಬೆಳೆಯಿತು. ಅದಕ್ಕೂ ಮೊದಲೇ ಷಟ್ಪದಿಯು ಕಥನಕ್ಕೆ ಬಳಕೆಯಾಗುವ ಹಾಡಾಗಿತ್ತೆಂಬುದಕ್ಕೆ ಮಾನಸೋಲ್ಲಾಸವು ಆಧಾರವನ್ನು ಒದಗಿಸುತ್ತದೆ. ಗ್ರಂಥದಲ್ಲಿ ಸಂಸ್ಕೃತದೊಂದಿಗೆ ದೇಶಭಾಷೆಗಳ ಗೀತಗಳ ಮಾದರಿಗಳೂ ದೊರೆಯುವುದರಿಂದ ಹಳೆಯ ಮರಾಠಿಯ ಅಧ್ಯಯನದಲ್ಲಿಯೂ ಅದನ್ನು ಪರಿಶೀಲಿಸಲಾಗುತ್ತದೆ. ಕನ್ನಡ, ಮರಾಠಿ ಮತ್ತು ತೆಲುಗು ಮಾತನಾಡುವ ಪ್ರದೇಶಗಳು ಕೂಡುವ ಎಡೆಯಲ್ಲಿ ಕಲ್ಯಾಣ ನಗರವಿದ್ದುದು ಈ ಭಾಷಾವೈವಿಧ್ಯಕ್ಕೆ ಅನುಕೂಲವಾಗಿತ್ತು.

ವಾದ್ಯವಿನೋದ

ವಾದ್ಯವಿನೋದದಲ್ಲಿ ತಂತಿವಾದ್ಯ, ಚರ್ಮವಾದ್ಯ, ಗಾಳಿವಾದ್ಯ ಮತ್ತು ಘನವಾದ್ಯ ಎಂಬ ಸಾಂಪ್ರದಾಯಿಕ ನಾಲ್ಕು ವರ್ಗಗಳನ್ನು ಅನುಸರಿಸಿ ವಾದ್ಯಗಳ ಸ್ವರೂಪ ಹಾಗೂ ನುಡಿಸುವ ಕ್ರಮಗಳನ್ನು ಹೇಳಲಾಗಿದೆ. ತಾಳಗಳ ವಿಚಾರವೂ ಇಲ್ಲಿ ಬರುತ್ತದೆ. ಗೀತ ಮತ್ತು ನೃತ್ಯಗಳಿಗೆ ವಾದ್ಯವು ಹೇಗೆ ಒತ್ತಾಸೆಯಾಗಬೇಕೆಂಬ ದೃಷ್ಟಿಯು ಅಧ್ಯಾಯದುದ್ದಕ್ಕೂ ಇದೆ.

ನೃತ್ಯವಿನೋದ

ನಾನೂರಕ್ಕೂ ಹೆಚ್ಚು ಶ್ಲೋಕಗಳಿರುವ ನೃತ್ಯವಿನೋದವು ಭಾರತೀಯ ನೃತ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ಮುಖ್ಯ ತಿರುವೆಂದು ಪರಿಗಣಿತವಾಗಿದೆ. ಭರತನ ನಾಟ್ಯಶಾಸ್ತ್ರದ ಪರಂಪರೆಗೆ ಸೇರಿದ ನೃತ್ಯವನ್ನು ಮಾರ್ಗವೆಂದೂ, ಆಯಾ ಪ್ರದೇಶದ ಜನರ ಅಭಿರುಚಿಯಿಂದ ಬೆಳೆದುದನ್ನು ದೇಶಿಯೆಂದೂ ಕರೆಯುವುದುಂಟು. ಸೋಮೇಶ್ವರನು ದೇಶೀ ನೃತ್ಯಕ್ಕೆ ವಿಸ್ತಾರವಾದ ಸ್ಥಾನವನ್ನು ಕೊಟ್ಟನು. ನಾಟ್ಯಶಾಸ್ತ್ರದಲ್ಲಿ ಇಲ್ಲದ ದೇಶೀ ಕರಣಗಳನ್ನು, ಅಂದರೆ ಕೈಕಾಲುಗಳನ್ನು ಹೊಂದಿಸಿ ಮಾಡುವ ನೃತ್ಯದ ಚಲನೆಗಳನ್ನು, ಈ ಗ್ರಂಥದಲ್ಲಿ ಕಾಣಬಹುದು.

ನರ್ತನವನ್ನು ನಾಟ್ಯ, ಲಾಸ್ಯ, ತಾಂಡವ, ವಿಷಮ, ವಿಕಟ ಮತ್ತು ಲಘು ಎಂದು 6 ಬಗೆಯಾಗಿ ವಿಂಗಡಿಸಲಾಗಿದೆ. ಇವುಗಳಲ್ಲಿ ವಿಷಮವು ಕಸರತ್ತಿನ ಸ್ವರೂಪದ್ದು, ವಿಕಟವು ನಗಿಸುವಂಥದ್ದು. ಪ್ರದರ್ಶನ ನೀಡುವವರಲ್ಲಿ ನಟ, ನರ್ತಕ, ನರ್ತಕಿ, ವೈತಾಳಿಕ, ಚಾರಣ ಮತ್ತು ಕೊಲ್ಲಾಟಿಕ ಎಂಬ 6 ವರ್ಗಗಳನ್ನು ಹೇಳಿದೆ. ಕೊಲ್ಲಾಟಿಕರು ಹಗ್ಗ, ಗಳು ಮುಂತಾದವುಗಳ ಮೇಲೆ ಸಾಹಸ ಪ್ರದರ್ಶಿಸುವ ಆಟಗಾರರು. ಲಾಸ್ಯದ ನರ್ತಕಿಯನ್ನೂ ದೊಂಬರಾಟದಂತಹ ಸಾಹಸ ತೋರುವವನನ್ನೂ ಪ್ರದರ್ಶನಕಲೆಯ ಒಂದೇ ಚೌಕಟ್ಟಿನೊಳಗೆ ತಂದಿರುವುದು ಗಮನಾರ್ಹ.

ನೃತ್ಯಕ್ಕೆ ತಕ್ಕ ಸಂದರ್ಭಗಳನ್ನೂ ಸೋಮೇಶ್ವರನು ಎಣಿಸಿದ್ದಾನೆ. ಉತ್ಸವ, ಜಯ, ಹರ್ಷ, ಕಾಮ, ತ್ಯಾಗ, ವಿಲಾಸ, ವಿವಾದ ಮತ್ತು ಪರೀಕ್ಷೆ ಎಂಬ 8 ಸಂದರ್ಭಗಳು ಇಲ್ಲಿವೆ. ಕೊನೆಯ ಎರಡು ಸಂದರ್ಭಗಳಿಂದ ಕಲಾವಿದರ ನಡುವೆ ಸ್ಪರ್ಧೆ ನಡೆಯುತ್ತಿತ್ತೆಂದೂ, ಅವರ ವಿದ್ಯೆಯನ್ನು ಸಭೆಯ ಮುಂದೆ ಒರೆಗೆ ಹಚ್ಚಲಾಗುತ್ತಿತ್ತೆಂದೂ ತಿಳಿಯುತ್ತದೆ. ಗುಣದೋಷಗಳ ಪಟ್ಟಿಗಳು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತವೆ. ನೋಡುವವರಿಗೆ ಅವು ತೂಗಿ ನೋಡುವ ಅಳತೆಗೋಲಾಗಿದ್ದವು. ಆಡುವವರಿಗೆ ತಮ್ಮಿಂದ ಸಭೆಯು ಏನನ್ನು ಬಯಸುತ್ತದೆ ಎಂಬುದರ ಸೂಚನೆಯಾಗಿದ್ದವು. ಪ್ರದರ್ಶನದ ಕೊನೆಗೆ ಕಲಾವಿದರಿಗೆ ವಸ್ತ್ರ, ಆಭರಣ ಮುಂತಾದ ಉಡುಗೊರೆಗಳನ್ನು ಕೊಟ್ಟು ಸಂತೋಷಪಡಿಸುವುದು ಅರಸನ ಕರ್ತವ್ಯವೆಂದು ಭಾವಿಸಲಾಗಿತ್ತು. ಆಧುನಿಕ ಕಾಲದಲ್ಲಿ ಪತ್ರಿಕೆಗಳ ಸಂಗೀತ ವಿಮರ್ಶೆಯು ಮಾಡುವ ಮೂರು ಕೆಲಸಗಳು, ಅಂದರೆ ನಡೆದುದನ್ನು ದಾಖಲಿಸುವುದು, ಕೇಳುಗರ ಅಭಿರುಚಿಯನ್ನು ತಿದ್ದುವುದು ಮತ್ತು ಕಲಾವಿದರಿಗೆ ಮನ್ನಣೆ ದೊರಕಿಸುವುದು, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಭಾಗಶಃ ಇಂತಹ ಬರವಣಿಗೆಯಿಂದ ಮತ್ತು ಸಭೆಯ ಪರೀಕ್ಷೆಯಿಂದ ನಡೆಯುತ್ತಿದ್ದವು.

ಗೊಂಡಲಿ ನೃತ್ಯ

ಸೋಮೇಶ್ವರನು ಜನರ ನಡುವಿನ ಕಲೆಯನ್ನು ಗಮನಿಸುತ್ತಿದ್ದ ರೀತಿಯನ್ನು ಗೊಂಡಲಿ ನೃತ್ಯದ ವೃತ್ತಾಂತವು ತೋರಿಸುತ್ತದೆ. ಇದನ್ನು ಹೇಳಿರುವವನು ಕಾಕತೀಯ ಗಣಪತಿದೇವನ ಗಜಸೇನೆಯ ನಾಯಕನಾಗಿದ್ದ ಜಾಯ ಸೇನಾಪತಿ. ಆತನ ನೃತ್ತರತ್ನಾವಲಿಯು (1253–54) ಸೋಮೇಶ್ವರನ ನಂತರ ಸುಮಾರು 120 ವರ್ಷಗಳಿಗೆ ರಚಿತವಾದ ಗ್ರಂಥ. ಅದರ ಪ್ರಕಾರ, ಕಲ್ಯಾಣದಲ್ಲಿ ಭೂತಮಾತೃ ಉತ್ಸವವು ನಡೆಯುತ್ತಿದ್ದಾಗ ಬಿಲ್ಲರ ಉಡುಗೆಯನ್ನು ತೊಟ್ಟ ಹೆಣ್ಣೊಬ್ಬಳು ಕುಣಿಯುವುದನ್ನು ಅರಸನು ಕಂಡು ಮೆಚ್ಚಿದನು. ಅದನ್ನು ಆಧರಿಸಿ ಗೊಂಡಲಿ ಎಂಬ ನೃತ್ಯಪ್ರಕಾರವನ್ನು ರೂಪಿಸಿದನು. ಮಹಾರಾಷ್ಟ್ರದಲ್ಲಿ ಬಿಲ್ಲರ ಹೆಣ್ಣಿಗೆ ಇದ್ದ ಹೆಸರಿನಿಂದ ಈ ನೃತ್ಯಕ್ಕೆ ಗೊಂಡಲಿ ಎಂಬ ಹೆಸರು ಬಂದಿತೆಂದು ಜಾಯನು ವಿವರಿಸುತ್ತಾನೆ.

ಬೀದಿಯ ಉತ್ಸವದಿಂದ ಅರಮನೆಯ ರಂಗಕ್ಕೆ, ಅಲ್ಲಿಂದ ಗ್ರಂಥಕ್ಕೆ, ಗ್ರಂಥದಿಂದ ಓರುಗಲ್ಲಿನ ಆಸ್ಥಾನಕ್ಕೆ ಒಂದು ಕುಣಿತವು ಸಾಗಿದ ದಾರಿಯನ್ನು ಈ ವೃತ್ತಾಂತದಲ್ಲಿ ಗುರುತಿಸಬಹುದು. ಆ ನರ್ತಕಿಯ ಹೆಸರು ಮಾತ್ರ ವೃತ್ತಾಂತದಲ್ಲಿ ಬರುವುದಿಲ್ಲ. ಶ್ರೇಯಸ್ಸು ಅರಸನಿಗೆ ಸಂದಿದೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ ಅಂಬಾಭವಾನಿಯ ಆರಾಧನೆಯೊಂದಿಗೆ ಬೆಸೆದುಕೊಂಡಿರುವ ಗೊಂದಲಿಗರ ಕಲೆಗೂ ಈ ಹೆಸರಿಗೂ ಸಂಬಂಧವನ್ನು ಕಲ್ಪಿಸುವ ವಿದ್ವಾಂಸರಿದ್ದಾರೆ.

ಶಿಲ್ಪಗಳಲ್ಲಿ ಉಳಿದ ಪ್ರದರ್ಶನಕಲೆ

ಚಾಲುಕ್ಯರ ಕಾಲದ ಅರಮನೆಯಾಗಲಿ ಸಭಾಮಂದಿರವಾಗಲಿ ಇಂದು ಬಸವಕಲ್ಯಾಣದಲ್ಲಿ ಉಳಿದಿಲ್ಲ. ಅಲ್ಲಿಯ ಕೋಟೆಯ ಈಗಿನ ಸ್ವರೂಪವು ಬಹುಮಟ್ಟಿಗೆ ನಂತರದ ಕಾಲದ್ದು. ಆ ಕಾಲದ ನರ್ತನ ಮತ್ತು ವಾದನಗಳ ದೃಶ್ಯರೂಪವನ್ನು ಸುತ್ತಲಿನ ದೇವಾಲಯಗಳಲ್ಲಿ ನೋಡಬಹುದು. ಬಸವಕಲ್ಯಾಣದ ಸಮೀಪದ ನಾರಾಯಣಪುರದ ಶಿವಾಲಯದಲ್ಲಿಯೂ, ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಶಿವಾಲಯದಲ್ಲಿಯೂ ಮದನಿಕೆಯರ ವಿಗ್ರಹಗಳಿವೆ. ಜಲಸಂಗ್ವಿಯ ಹೊರಗೋಡೆಯಲ್ಲಿ ಶಾಸನವನ್ನು ಬರೆಯುತ್ತಿರುವ ಹೆಣ್ಣಿನ ಶಿಲ್ಪವು ಪ್ರಸಿದ್ಧವಾಗಿದೆ. ಆಕೆ ಬರೆಯುತ್ತಿರುವ ಸಂಸ್ಕೃತ ಶ್ಲೋಕವು ಸೋಮೇಶ್ವರನ ತಂದೆ ವಿಕ್ರಮಾದಿತ್ಯನನ್ನು ಹೊಗಳುತ್ತದೆ. ಈ ಶಿಲ್ಪಗಳು ಭಂಗಿಯನ್ನು ತೋರಿಸುತ್ತವೆ. ಆ ಭಂಗಿಯ ಹಿಂದಿನ ಮತ್ತು ಮುಂದಿನ ಚಲನೆ, ತಾಳ ಹಾಗೂ ಸಂದರ್ಭಗಳನ್ನು ಅರಿಯಲು ಮಾನಸೋಲ್ಲಾಸದಂತಹ ಗ್ರಂಥಗಳ ನೆರವು ಬೇಕಾಗುತ್ತದೆ.

ಉತ್ತರಾಧಿಕಾರಿಗಳು

1138ರಲ್ಲಿ ಸೋಮೇಶ್ವರನ ನಂತರ ಅವನ ಮಗ ಎರಡನೆಯ ಜಗದೇಕಮಲ್ಲನು ಪಟ್ಟಕ್ಕೆ ಬಂದು 1151ರವರೆಗೆ ಆಳಿದನು. ಪ್ರತಾಪ ಚಕ್ರವರ್ತಿಯೆಂಬ ಬಿರುದಿದ್ದ ಇವನು ಸಂಗೀತಚೂಡಾಮಣಿ ಎಂಬ ಗ್ರಂಥದ ಕರ್ತೃ. ತಂದೆ ಮತ್ತು ಮಗ ಇಬ್ಬರೂ ಸಂಗೀತಶಾಸ್ತ್ರಕಾರರೆಂದು ಮನ್ನಣೆ ಪಡೆದ ಉದಾಹರಣೆಯು ರಾಜವಂಶಗಳಲ್ಲಿ ವಿರಳ. ಕನ್ನಡದ ಲಾಕ್ಷಣಿಕ ಎರಡನೆಯ ನಾಗವರ್ಮನು ಜಗದೇಕಮಲ್ಲನ ಕಾಲದಲ್ಲಿ ಕಟಕೋಪಾಧ್ಯಾಯನಾಗಿದ್ದನು.

ಜಗದೇಕಮಲ್ಲನ ನಂತರ ಮೂರನೆಯ ತೈಲಪನ ಕಾಲದಲ್ಲಿ ರಾಜ್ಯವು ದುರ್ಬಲಗೊಂಡಿತು. ಕಳಚುರಿ ವಂಶದ ಎರಡನೆಯ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. ಬಸವಣ್ಣನವರ ನೇತೃತ್ವದ ಶರಣ ಚಳವಳಿ ನಡೆದದ್ದು ಬಿಜ್ಜಳನ ಆಳ್ವಿಕೆಯಲ್ಲಿ. ಸೋಮೇಶ್ವರನ ಆಳ್ವಿಕೆ ಮುಗಿದ ಒಂದು ತಲೆಮಾರಿನೊಳಗೆ ಅದೇ ನಗರವು ಕನ್ನಡ ವಚನಗಳ ಕೇಂದ್ರವಾಯಿತು. ರಾಗ, ತಾಳ ಮತ್ತು ವಾದ್ಯಗಳ ಉಲ್ಲೇಖಗಳು ವಚನಗಳಲ್ಲಿಯೂ ಬರುತ್ತವೆ. ನಾಲ್ಕನೆಯ ಸೋಮೇಶ್ವರನು 1180ರ ದಶಕದಲ್ಲಿ ರಾಜ್ಯವನ್ನು ಕೆಲಕಾಲ ಮರಳಿ ಪಡೆದರೂ, ಆ ಶತಮಾನದ ಕೊನೆಯ ವೇಳೆಗೆ ಚಾಲುಕ್ಯರ ನಾಡು ದೇವಗಿರಿಯ ಯಾದವರು ಮತ್ತು ದ್ವಾರಸಮುದ್ರದ ಹೊಯ್ಸಳರ ನಡುವೆ ಹಂಚಿಹೋಯಿತು. ಅರಮನೆಯ ಆಶ್ರಯದಲ್ಲಿದ್ದ ಪ್ರದರ್ಶನಪರಂಪರೆಗೂ ಕಲ್ಯಾಣದಲ್ಲಿ ನೆಲೆ ತಪ್ಪಿತು.

ಪ್ರಭಾವ

ರಾಜಧಾನಿಯು ಅಳಿದರೂ ಅಲ್ಲಿ ಬರೆದಿಟ್ಟ ವಿದ್ಯೆಯು ಇತರ ಆಸ್ಥಾನಗಳಿಗೆ ತಲುಪಿತು. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ಸಂಗೀತರತ್ನಾಕರವನ್ನು ರಚಿಸಿದನು. ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡೂ ಗೌರವಿಸುವ ಈ ಗ್ರಂಥದ ಆರಂಭದಲ್ಲಿ ಪೂರ್ವಾಚಾರ್ಯರ ಪಟ್ಟಿಯಿದ್ದು, ಅದರಲ್ಲಿ ಸೋಮೇಶ ಮತ್ತು ಜಗದೇಕಮಲ್ಲರ ಹೆಸರುಗಳು ಸೇರಿವೆ. ಓರುಗಲ್ಲಿನ ಜಾಯ ಸೇನಾಪತಿಯು ದೇಶೀ ನೃತ್ಯವನ್ನು ವಿವರಿಸುವಾಗ ಸೋಮೇಶ್ವರನಿಗೆ ಋಣಿಯಾಗಿದ್ದಾನೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪ ನಾಯಕನು ರಚಿಸಿದ ಶಿವತತ್ತ್ವರತ್ನಾಕರ ಎಂಬ ವಿಶ್ವಕೋಶವೂ ಮಾನಸೋಲ್ಲಾಸದಿಂದ ಸಾಮಗ್ರಿಯನ್ನು ಪಡೆದಿದೆ.

ಗ್ರಂಥಕ್ಕೆ ಅದರದೇ ಆದ ಮಿತಿಗಳೂ ಇವೆ. ಅದು ಸಭೆಯನ್ನು ಅರಸನ ಆಸನದಿಂದ ನೋಡುತ್ತದೆ. ಗಾಯಕ ಮತ್ತು ನರ್ತಕಿಯರ ಗುಣಗಳನ್ನು ವರ್ಣಿಸಿದರೂ ಅವರ ಬದುಕಿನ ಕಥೆಯನ್ನು ಹೇಳುವುದು ಅದರ ಉದ್ದೇಶವಲ್ಲ. ಕಲಾವಿದರ ಆರ್ಥಿಕ ಸ್ಥಿತಿಯನ್ನು ತಿಳಿಯಲು ಸಂಶೋಧಕರು ದಾನಶಾಸನಗಳನ್ನು ಅವಲಂಬಿಸಬೇಕಾಗುತ್ತದೆ. ಎರಡು ಬಗೆಯ ಆಧಾರಗಳನ್ನೂ ಒಟ್ಟಿಗೆ ಓದಿದಾಗ ಆ ಕಾಲದ ಸಂಗೀತಜೀವನದ ಹೆಚ್ಚು ಪೂರ್ಣವಾದ ಚಿತ್ರ ದೊರೆಯುತ್ತದೆ.

ಪ್ರಕಟಣೆ

ಆಧುನಿಕ ಕಾಲದಲ್ಲಿ ಮಾನಸೋಲ್ಲಾಸವನ್ನು ಜಿ.ಕೆ. ಶ್ರೀಗೊಂಡೇಕರ್ ಅವರು ಸಂಪಾದಿಸಿದರು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದು 1925, 1939 ಮತ್ತು 1961ರಲ್ಲಿ 3 ಸಂಪುಟಗಳಾಗಿ ಪ್ರಕಟವಾಯಿತು. ಆರ್. ಶಾಮಶಾಸ್ತ್ರಿಗಳು ಸಂಪಾದಿಸಿದ ಅಭಿಲಷಿತಾರ್ಥಚಿಂತಾಮಣಿಯ ಮೊದಲ ಭಾಗವು 1926ರಲ್ಲಿ ಮೈಸೂರಿನಿಂದ ಹೊರಬಂದಿತು. ಸಂಗೀತಚೂಡಾಮಣಿಯು 1958ರಲ್ಲಿ ಬರೋಡದ ಅದೇ ಮಾಲೆಯಲ್ಲಿ ಪ್ರಕಟವಾಯಿತು. ಈ ಮುದ್ರಣಗಳ ನಂತರ ಮಧ್ಯಕಾಲೀನ ದಖ್ಖನಿನ ಸಂಗೀತ, ನೃತ್ಯ, ಆಹಾರ ಮತ್ತು ಕ್ರೀಡೆಗಳ ಅಧ್ಯಯನದಲ್ಲಿ ಸೋಮೇಶ್ವರನ ಗ್ರಂಥವು ಪ್ರಮುಖ ಆಕರವಾಗಿ ಬಳಕೆಯಾಗುತ್ತಿದೆ.

ಪ್ರದೇಶದ ನಂತರದ ಸಂಗೀತಪರಂಪರೆ

ಕಲ್ಯಾಣ ಮತ್ತು ಹುಮನಾಬಾದ್ ಪ್ರದೇಶದಲ್ಲಿ ಸಂಗೀತದ ಆಶ್ರಯವು ನಂತರದ ಶತಮಾನಗಳಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಹುಟ್ಟಿದ ಸಂತ ಮಾಣಿಕಪ್ರಭುಗಳು (1817–1865) ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿ, ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಭಕ್ತಿಪದಗಳನ್ನು ರಚಿಸಿದರು. ಅಲ್ಲಿಯ ದತ್ತಜಯಂತಿಯ ಉತ್ಸವದಲ್ಲಿ ಸಂಗೀತಸೇವೆಯು ಇಂದಿಗೂ ಮುಖ್ಯ ಅಂಗವಾಗಿದೆ. ಈ ಸಂತಪರಂಪರೆಯು ಚಾಲುಕ್ಯರ ಆಸ್ಥಾನದಿಂದ ನೇರವಾಗಿ ಬಂದುದಲ್ಲ. ಆದರೆ ಹಲವು ಭಾಷೆಗಳ ಹಾಡುಗಳಿಗೆ ಒಂದೇ ಸಭೆಯಲ್ಲಿ ಎಡೆ ಕೊಡುವ ಗುಣವು ಎರಡರಲ್ಲಿಯೂ ಸಮಾನವಾಗಿದೆ.